ಕಾಣದ ಬೇನೆಗೆ ತಕ್ಕ ಮಾತು

ಬೇನೆಗಳಲ್ಲಿ ಎರಡು ಬಗೆ ಉಂಟು. ಒಂದು, ನೋಡಿದವರಿಗೆ ತಾನಾಗಿ ಕಾಣುವುದು. ಇನ್ನೊಂದು, ಬಾಯಿಬಿಟ್ಟು ಹೇಳಿದರೆ ಮಾತ್ರ ತಿಳಿಯುವುದು. ಕೈ ಮುರಿದು ಕಟ್ಟು ಹಾಕಿಸಿಕೊಂಡವರಿಗೆ ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟಾರು. ಕ್ಯಾನ್ಸರಿನ ಔಷಧದಿಂದ ಕೂದಲು ಉದುರಿದವರನ್ನು ಕಂಡರೆ ಗುರುತಿಲ್ಲದವರಿಗೂ ಮರುಕ ಹುಟ್ಟೀತು. ಆದರೆ ಅದೇ ಔಷಧದಿಂದ ಕಾಲಿನ ಬೆರಳುಗಳು ಮರಗಟ್ಟಿದವರ ಗತಿಯೇನು? ಬೆರಳುಗಳು ಐದಕ್ಕೆ ಐದೂ ಇವೆ; ಊತವಿಲ್ಲ, ಗಾಯವಿಲ್ಲ, ಬಣ್ಣ ಕೆಟ್ಟಿಲ್ಲ. ಮನೆಯವರು ನೋಡಿ, ‘ಈಗ ಎಲ್ಲ ಸರಿಹೋಯಿತಲ್ಲ’ ಎನ್ನುತ್ತಾರೆ. ನೆಲವನ್ನು ಮುಟ್ಟಿಯೂ ಮುಟ್ಟದಂತಿರುವ ಆ ಕಾಲಿನ ಸಂಗತಿ ಕಾಲುಳ್ಳವನೊಬ್ಬನಿಗೇ ಗೊತ್ತು.

ಕೇಳುಗರೆ, ಈ ಎರಡನೆಯ ಬಗೆಯ ಬೇನೆಯ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಪ್ರೌಢಶಾಲೆಯ ಕನ್ನಡ ಪಂಡಿತ. ಆದರೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅನಂತರ ಆಕ್ಸಾಲಿಪ್ಲಾಟಿನ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ ರಕ್ತಕ್ಕೆ ಏರಿಸಿಕೊಂಡವನು. ವೈದ್ಯಶಾಸ್ತ್ರದ ಸಂಗತಿಗಳನ್ನು ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡಿದ್ದೇನೆ. ನನ್ನದೇ ಎಂದು ಹೇಳಬಹುದಾದದ್ದು ಒಂದೇ ಮಾತು: ಈ ಬೇನೆಗೆ ಮೊದಲ ಮದ್ದು ಸರಿಯಾದ ಮಾತು. ಅದು ಹೇಗೆಂಬುದನ್ನು ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು ‘ನರ’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ನಮ್ಮ ಆಡುಮಾತಿನಲ್ಲಿ ಈ ಒಂದು ಶಬ್ದ ಎರಡು ಕೆಲಸ ಮಾಡುತ್ತದೆ. ‘ನರ ಸಿಗಲಿಲ್ಲ, ನಾಲ್ಕು ಸಲ ಚುಚ್ಚಿದರು’ ಎನ್ನುವಾಗ ನರವೆಂದರೆ ರಕ್ತ ಹರಿಯುವ ನಾಳ. ‘ನರದೌರ್ಬಲ್ಯ’ ಎನ್ನುವಾಗ ಅದು ಸ್ಪರ್ಶ, ನೋವು, ಶೀತೋಷ್ಣಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ತಂತು. ಈ ಗೊಂದಲದಿಂದಾಗಿ, ಸೂಜಿ ಚುಚ್ಚಿದ ಕಡೆ ಏನೋ ಕೆಟ್ಟು ಕೈ ಜೋಮು ಹಿಡಿಯಿತೆಂದು ಭಾವಿಸುವವರು ಉಂಟು. ಹಾಗಲ್ಲ. ಔಷಧ ಸೇರಿದ್ದು ರಕ್ತನಾಳಕ್ಕೆ. ಪೆಟ್ಟು ಬಿದ್ದದ್ದು ಸುದ್ದಿ ಒಯ್ಯುವ ನರಕ್ಕೆ. ಸೂಜಿಯನ್ನು ಕೈಗೆ ಚುಚ್ಚಿದರೂ ಬೇನೆ ಸಾಮಾನ್ಯವಾಗಿ ಕಾಲಿನ ತುದಿಯಲ್ಲಿ ಮೊದಲು ನೆಲೆಸುವುದೇ ಇದಕ್ಕೆ ಸಾಕ್ಷಿ.

ರೋಗವನ್ನು ಕೊಲ್ಲಬೇಕಾದ ಔಷಧ ನರವನ್ನು ಏಕೆ ಕೆಡಿಸುತ್ತದೆ? ಕ್ಯಾನ್ಸರ್ ಎಂದರೆ ಲಂಗುಲಗಾಮಿಲ್ಲದೆ ಒಡೆದು ಒಡೆದು ಹೆಚ್ಚುವ ಜೀವಕೋಶಗಳ ಕಾಟ. ಆ ಒಡೆಯುವ ಕೆಲಸವನ್ನು ತಡೆಯುವುದೇ ಕಿಮೊಥೆರಪಿಯ ಉದ್ದೇಶ. ನಮ್ಮ ಹಿತ್ತಲುಗಳಲ್ಲಿ ವರ್ಷವಿಡೀ ಹೂ ಬಿಡುವ ಕಾಶಿಕಣಗಿಲೆಯನ್ನು ನೀವೆಲ್ಲ ಬಲ್ಲಿರಿ. ಸದಾಪುಷ್ಪವೆಂದೂ ಅದನ್ನು ಕರೆಯುತ್ತಾರೆ. ಆ ಗಿಡದಿಂದ 1958ರ ಸುಮಾರಿನಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಎಂಬ ವಿಜ್ಞಾನಿಗಳು ವಿನ್‌ಬ್ಲಾಸ್ಟಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದರ ಸೋದರ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಅದು ಇಂದಿಗೂ ಬೇಕಾದ ಮದ್ದು. ಹಾಗೆಂದು ಹಿತ್ತಲಿನ ಎಲೆಯನ್ನು ಕಷಾಯ ಮಾಡಿ ಕುಡಿಯುವ ಸಾಹಸ ಬೇಡ, ಅದು ವಿಷ. ಪೆಸಿಫಿಕ್ ಯೂ ಎಂಬ ಮರದ ತೊಗಟೆಯಿಂದ ಬಂದದ್ದು ಪ್ಯಾಕ್ಲಿಟ್ಯಾಕ್ಸೆಲ್. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಮನ್‌ಸುಖ್ ವಾನಿಯವರೂ ಒಬ್ಬರು. ಸ್ತನದ ಕ್ಯಾನ್ಸರಿಗೆ ಅದನ್ನು ವಿಶೇಷವಾಗಿ ಬಳಸುತ್ತಾರೆ.

ಈ ಎರಡು ಜಾತಿಯ ಮದ್ದುಗಳೂ ಜೀವಕೋಶದೊಳಗಿನ ಅತಿಸೂಕ್ಷ್ಮವಾದ ಕೊಳವೆಗಳನ್ನು ಹಿಡಿದುಕೊಳ್ಳುತ್ತವೆ. ಕೋಶ ಒಡೆದು ಎರಡಾಗಲು ಆ ಕೊಳವೆಗಳು ಬೇಕು. ಆದರೆ ನರಕ್ಕೂ ಅವೇ ಬೇಕು. ಬೆನ್ನೆಲುಬಿನ ಮಗ್ಗುಲಲ್ಲಿ ಕುಳಿತಿರುವ ನರಕೋಶದಿಂದ ಕಾಲಿನ ಬೆರಳಿನವರೆಗೆ ಸುಮಾರು ಒಂದು ಮೀಟರು ಉದ್ದದ ತಂತು ಇದೆ; ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಸಾಗುವುದು ಆ ಕೊಳವೆಗಳ ಹಾದಿಯಲ್ಲಿ. ಹಾದಿ ಕೆಟ್ಟರೆ ಕೊನೆಯ ಊರಿಗೆ ಮೊದಲು ಅಭಾವ, ಕಾಲುವೆಯ ಕೊನೆಯ ಗದ್ದೆಗೆ ಮೊದಲು ನೀರು ನಿಲ್ಲುವ ಹಾಗೆ. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಎಂಬ ಪ್ಲಾಟಿನಂ ಲೋಹದ ಮದ್ದುಗಳ ದಾರಿ ಬೇರೆ. ಅವು ನರಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತವೆ. ಮಿದುಳಿಗೆ ಇರುವಂಥ ಕಾವಲುಗೋಡೆ ಬೆನ್ನೆಲುಬಿನ ಮಗ್ಗುಲಿನ ಈ ಕೋಶಗಳಿಗೆ ಇಲ್ಲದ್ದರಿಂದ ಔಷಧ ಸಲೀಸಾಗಿ ಒಳನುಗ್ಗುತ್ತದೆ.

ಆದ್ದರಿಂದಲೇ ಈ ಬೇನೆಗೆ ಒಂದು ಕ್ರಮ ಉಂಟು. ಮೊದಲು ಕಾಲಿನ ಬೆರಳುಗಳು, ಆಮೇಲೆ ಪಾದ, ಆಮೇಲೆ ಕೈಬೆರಳುಗಳ ತುದಿ. ಕಾಲುಚೀಲ, ಕೈಗವಸು ತೊಟ್ಟರೆ ಎಷ್ಟು ಜಾಗ ಮುಚ್ಚುವುದೋ ಅಷ್ಟು ಜಾಗ, ಎರಡು ಕಡೆಯೂ ಸಮನಾಗಿ. ಒಂದೇ ಕಾಲು ಅಥವಾ ಒಂದೇ ಕೈ ಏಕಾಏಕಿ ಮರಗಟ್ಟಿದರೆ, ಬಲ ಕುಂದಿದರೆ, ಅದು ಬೇರೆ ಸಂಗತಿ; ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ತಣುಪಿನ ಕಾಟವೂ ಉಂಟು. ಔಷಧ ಏರಿಸಿಕೊಂಡ ಮೇಲೆ ಕೆಲವು ದಿನ ಬೆಳಗಿನ ನಲ್ಲಿನೀರು ಮುಟ್ಟಿದರೆ ವಿದ್ಯುತ್ತು ತಗುಲಿದ ಹಾಗೆ. ತಣ್ಣೀರು ಕುಡಿದರೆ ಗಂಟಲು ಕಟ್ಟಿ ಉಸಿರೇ ನಿಂತಿತೇನೋ ಎಂಬ ದಿಗಿಲು. ಇದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಬೆಚ್ಚಗಿನ ನೀರು ಕುಡಿದು, ಫ್ರಿಜ್ಜಿಗೆ ಕೈಹಾಕದೆ ಇದ್ದರೆ ಒಳ್ಳೆಯದು. ಹಾಗೆ ಇಳಿಯದೆ, ಸರದಿಯಿಂದ ಸರದಿಗೆ ಉಳಿದು ಬೆಳೆಯುವ ಮರಗಟ್ಟುವಿಕೆಯೇ ಎಚ್ಚರದಿಂದ ಗಮನಿಸಬೇಕಾದದ್ದು.

ನನಗೆ ಮೂರನೆಯ ಸರದಿಯ ಹೊತ್ತಿಗೆ ಸೀಮೆಸುಣ್ಣ ಬೆರಳಿನಿಂದ ಜಾರತೊಡಗಿತು. ಹಿಡಿದಿದ್ದೇನೆ ಎಂದುಕೊಂಡಿರುತ್ತೇನೆ, ಕೆಳಗೆ ಬಿದ್ದ ಸದ್ದು ಕೇಳಿದ ಮೇಲೆ, ಹಿಡಿದಿರಲಿಲ್ಲವೆಂದು ಗೊತ್ತಾಗುತ್ತಿತ್ತು. ಪುಸ್ತಕದ ಒಂದು ಹಾಳೆ ಮಗುಚಲು ಹೋದರೆ ಮೂರು ಮಗುಚುತ್ತಿದ್ದವು. ಒಂದು ದಿನ ಶಾಲೆಯ ಅಂಗಳ ದಾಟಿ ಕೊಠಡಿಗೆ ಬಂದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹಿಂದಿನಿಂದ ಓಡಿಬಂದು, ‘ಸಾರ್, ನಿಮ್ಮ ಚಪ್ಪಲಿ’ ಎಂದು ಒಂದು ಕಾಲಿನ ಚಪ್ಪಲಿಯನ್ನು ಮುಂದೆ ಇಟ್ಟ. ಅದು ಕಳಚಿದ್ದು ನನ್ನ ಕಾಲಿಗೆ ತಿಳಿದೇ ಇರಲಿಲ್ಲ. ಆ ಸಂಜೆ ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು, ಮುಂದಿನ ಸರದಿಯ ದಿನ ವೈದ್ಯರಿಗೆ ಓದಿ ಹೇಳಿದೆ. ಅವರು ಕೈಕಾಲುಗಳನ್ನು ಪರೀಕ್ಷಿಸಿ ಔಷಧದ ಪ್ರಮಾಣವನ್ನು ತಗ್ಗಿಸಿದರು.

ಅಂದು ಸಾಲಿನಲ್ಲಿ ನನಗಿಂತ ಮುಂದೆ ಒಬ್ಬ ವೃದ್ಧೆ ಇದ್ದರು. ಒಬ್ಬರು ಒಳಗೆ ಕುಳಿತಿರುವಾಗಲೇ ಮುಂದಿನವರು ಬಾಗಿಲಲ್ಲಿ ನಿಂತಿರುವುದು ನಮ್ಮ ಆಸ್ಪತ್ರೆಗಳ ವಾಡಿಕೆಯಲ್ಲವೆ? ಮಾತು ಕಿವಿಗೆ ಬಿತ್ತು. ‘ಕೈಕಾಲು ಹೇಗಿದೆಯಮ್ಮ?’ ಎಂದರು ವೈದ್ಯರು. ‘ಪರವಾಗಿಲ್ಲ ಸ್ವಾಮಿ, ದೇವರು ಇಟ್ಟ ಹಾಗೆ ಇದ್ದೀನಿ’ ಎಂದರು ಆಕೆ. ಜೊತೆಯಲ್ಲಿದ್ದ ಸೊಸೆ ತಡೆಯಲಾರದೆ, ‘ಪರವಾಗಿಲ್ಲ ಅಂತೀರಲ್ಲ ಅತ್ತೆ! ರೊಟ್ಟಿ ತಟ್ಟೋದು ಬಿಟ್ಟು ತಿಂಗಳಾಯ್ತು. ಮೊನ್ನೆ ಕಾದ ಹಂಚು ಮುಟ್ಟಿದ್ದೂ ಇವರಿಗೆ ಗೊತ್ತಾಗಲಿಲ್ಲ ಡಾಕ್ಟ್ರೆ, ಬೊಬ್ಬೆ ಎದ್ದ ಮೇಲೆ ನಾನು ನೋಡಿದೆ’ ಎಂದಳು. ಬರೆಯುತ್ತಿದ್ದ ವೈದ್ಯರು ಲೇಖನಿಯನ್ನು ಕೆಳಗಿಟ್ಟು, ಮೊದಲಿನಿಂದ ಎಲ್ಲವನ್ನೂ ಮತ್ತೆ ಕೇಳತೊಡಗಿದರು.

‘ಪರವಾಗಿಲ್ಲ’ ಎಂಬುದು ಬಹು ಸಭ್ಯವಾದ ಮಾತು. ಚಿಂತೆ ಎಂಬ ಅರ್ಥದ ಪಾರಸಿ ಶಬ್ದವೊಂದು ನಮ್ಮಲ್ಲಿಗೆ ಬಂದು, ಇಲ್ಲ ಎಂಬುದರೊಡನೆ ಕೂಡಿ, ‘ಚಿಂತೆಯಿಲ್ಲ’ ಎಂಬ ಸಮಾಧಾನವಾಯಿತು. ಕಾಲು ತುಳಿದವರಿಗೂ, ಸಾಲ ತಡಮಾಡಿದವರಿಗೂ ಅದನ್ನು ಹೇಳಿ ಅವರ ಮುಜುಗರವನ್ನು ಕಳೆಯುತ್ತೇವೆ. ಆದರೆ ಚಿಕಿತ್ಸೆಯ ಕೊಠಡಿಯಲ್ಲಿ ಅದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಏಕೆಂದರೆ ಈ ಬೇನೆಯನ್ನು ಅಳೆಯಲು ಜ್ವರಕ್ಕಿರುವಂತೆ ಒಂದು ಗಾಜಿನ ಕೊಳವೆಯಿಲ್ಲ. ರಕ್ತ ಪರೀಕ್ಷೆಯಲ್ಲಿ ಅದು ತೋರದು. ವೈದ್ಯರು ಬಳಸುವ ದರ್ಜೆಗಳೇ ಮನೆವಾರ್ತೆಯ ದರ್ಜೆಗಳು: ಅಡಿಗೆ, ಅಂಗಡಿಯ ವ್ಯವಹಾರ, ಹಣದ ಎಣಿಕೆ, ದೂರವಾಣಿಯ ಬಳಕೆ ಮೊದಲಾದವುಗಳಿಗೆ ಅಡ್ಡಿಯಾದರೆ ಎರಡನೆಯ ದರ್ಜೆ, ಸ್ನಾನ, ಉಡುಗೆ, ಊಟ, ಶೌಚಗಳಿಗೇ ಅಡ್ಡಿಯಾದರೆ ಮೂರನೆಯ ದರ್ಜೆ. ‘ರೊಟ್ಟಿ ತಟ್ಟಲಾಗದು’ ಎಂಬ ಸೊಸೆಯ ಮಾತು ಆ ಅಳತೆಗೋಲಿನ ಮೇಲಿನ ಒಂದು ಗೆರೆ. ‘ಪರವಾಗಿಲ್ಲ’ ಎಂಬುದು ಯಾವ ಗೆರೆಯೂ ಅಲ್ಲ.

ಇನ್ನು ಬೇನೆಯ ಸ್ವರೂಪವನ್ನು ಹೇಳುವ ಮಾತು. ಇದರಲ್ಲಿ ಕನ್ನಡಕ್ಕೆ ಬಡತನವಿಲ್ಲ. ‘ಮರಗಟ್ಟು’ ಎಂಬುದನ್ನು ನೋಡಿ: ಮರ, ಕಟ್ಟು, ಆದೇಶಸಂಧಿ. ಅಂಗ ಮರದಂತಾಯಿತು, ಮುಟ್ಟಿದರೆ ಅರಿವಿಲ್ಲ ಎಂದರ್ಥ. ‘ಜೋಮು’ ಅದಲ್ಲ, ಅರಿವು ಅರ್ಧವಿದ್ದು ಒಳಗೆ ಗುಂಯ್‌ಗುಟ್ಟುವಂಥದು. ‘ಜುಮುಜುಮು’ ಇನ್ನೂ ಹಗುರ. ಇರುವೆ ಹರಿದ ಹಾಗೆ, ಸೂಜಿ ಚುಚ್ಚಿದ ಹಾಗೆ, ಮೆಣಸಿನಕಾಯಿ ಅರೆದ ಕೈಯಂತೆ ಉರಿ, ಮಿಂಚು ಹೊಡೆದಂತೆ ಸೆಳಕು, ಹತ್ತಿಯ ಮೇಲೆ ನಡೆದ ಹಾಗೆ, ಪಾದದ ಕೆಳಗೆ ಮರಳು ಸಿಕ್ಕಿಕೊಂಡ ಹಾಗೆ, ಹೀಗೆ ಹೇಳಿದರೆ ವೈದ್ಯರಿಗೆ ದಾರಿ ಕಾಣುತ್ತದೆ. ನೋವು, ಉರಿ ಇದ್ದರೆ ಅದಕ್ಕೆ ಒಂದು ಬಗೆಯ ಉಪಾಯ; ಬರಿಯ ಅರಿವುಗೇಡಿದ್ದರೆ ಇನ್ನೊಂದು ಬಗೆ. ಎಲ್ಲವನ್ನೂ ‘ಕಾಲು ನೋವು’ ಎಂಬ ಒಂದೇ ಗೋಣಿಗೆ ತುಂಬಿದರೆ ಅವರು ಮಂಡಿಗೆ ಎಣ್ಣೆ ಬರೆದುಕೊಟ್ಟಾರು! ನಿಮ್ಮ ಮನೆಯ ಮಾತಿನಲ್ಲೇ ಹೇಳಿ. ಯಾವಾಗ ಮೊದಲಾಯಿತು, ಎಲ್ಲಿಯವರೆಗೆ ಏರಿದೆ, ಯಾವ ಕೆಲಸ ನಿಂತಿದೆ, ಎಡವಿದ್ದು ಬಿದ್ದದ್ದು ಉಂಟೆ, ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮರೆಯುವ ಭಯವಿಲ್ಲ.

ಆದರೂ ಅನೇಕರು ಹೇಳುವುದಿಲ್ಲ. ಅದಕ್ಕೆ ಕಾರಣ ಸಂಕೋಚವೊಂದೇ ಅಲ್ಲ, ಭಯ. ಹೇಳಿದರೆ ಔಷಧ ನಿಲ್ಲಿಸಿಬಿಟ್ಟಾರು, ನಿಲ್ಲಿಸಿದರೆ ರೋಗ ಮರಳೀತು ಎಂಬ ಭಯ. ಪ್ರಾಣದ ಮುಂದೆ ಬೆರಳು ಯಾವ ಲೆಕ್ಕ ಎಂದು ಹಲ್ಲುಕಚ್ಚಿ ಸಹಿಸುತ್ತಾರೆ. ಈ ಭಯವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅದರ ಎದುರಿಗೆ ಒಂದು ಸಂಗತಿಯನ್ನು ಇಡಬೇಕು. ನನ್ನಂಥ ಕರುಳಿನ ಕ್ಯಾನ್ಸರಿನ ಮೂರನೆಯ ಹಂತದವರಿಗೆ ಈ ಔಷಧವನ್ನು ಆರು ತಿಂಗಳು ಕೊಡುವ ಪದ್ಧತಿಯಿತ್ತು. ಮೂರು ತಿಂಗಳು ಸಾಲದೆ ಎಂದು ಹಲವು ದೇಶಗಳ ಆರು ಪ್ರಯೋಗಗಳಲ್ಲಿ 12,834 ರೋಗಿಗಳನ್ನು ನೋಡಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರು ತಿಂಗಳು ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಎರಡನೆಯ ದರ್ಜೆಯ ಅಥವಾ ಅದಕ್ಕೂ ಮೇಲಿನ ನರಬೇನೆ; ಮೂರು ತಿಂಗಳು ಪಡೆದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ. ರೋಗ ಅಷ್ಟಾಗಿ ಮುಂದುವರಿಯದಿದ್ದವರಿಗೆ, ಅದರಲ್ಲೂ ಜೊತೆಗೆ ಕ್ಯಾಪಸಿಟಬಿನ್ ಮಾತ್ರೆ ಪಡೆದವರಿಗೆ, ಮೂರು ತಿಂಗಳ ಚಿಕಿತ್ಸೆ ಆರು ತಿಂಗಳಿನದರಷ್ಟೇ ಫಲ ಕೊಟ್ಟಿತು. ಎಲ್ಲರಿಗೂ ಹಾಗೆಂದಲ್ಲ, ಯಾರಿಗೆ ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಆದರೆ ಪ್ರಮಾಣ ತಗ್ಗಿಸುವುದು, ಒಂದು ಸರದಿ ತಡಮಾಡುವುದು, ಬೇರೆ ಔಷಧಕ್ಕೆ ಬದಲಾಯಿಸುವುದು, ಇವು ಚಿಕಿತ್ಸೆಯನ್ನು ಕೈಬಿಟ್ಟಂತಲ್ಲ, ಅವೂ ಚಿಕಿತ್ಸೆಯೇ. ನೀವು ಬಾಯಿ ಬಿಡದಿದ್ದರೆ ಆ ಆಯ್ಕೆಯೇ ಅವರ ಮುಂದೆ ಬರದು. ರೋಗಿಯೂ ಅಷ್ಟೆ, ತಾನಾಗಿ ಮಾತ್ರೆ ನಿಲ್ಲಿಸಬಾರದು.

ಬೇನೆ ಬಂದ ಮೇಲೆ ಅದಕ್ಕೆ ಮದ್ದಿಲ್ಲವೆ ಎಂದು ಕೇಳುವಿರಿ. ಬಾರದಂತೆ ತಡೆಯುವ ಮಾತ್ರೆ ಯಾವುದನ್ನೂ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಲಿಲ್ಲ. ಬಂದ ನೋವನ್ನು ತಗ್ಗಿಸಲು ಅದು ಒಪ್ಪಿದ ಔಷಧ ಡ್ಯುಲಾಕ್ಸಿಟಿನ್ ಒಂದೇ. 2013ರಲ್ಲಿ ಪ್ರಕಟವಾದ, 231 ರೋಗಿಗಳ ಒಂದು ಪ್ರಯೋಗ ಅದಕ್ಕೆ ಆಧಾರ. ಅದೂ ಎಲ್ಲರಿಗೂ ಒಗ್ಗದು, ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳುವಂಥದಲ್ಲ. ‘ನರಕ್ಕೆ ಶಕ್ತಿ’ ಎಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ಅಸಿಟೈಲ್ ಕಾರ್ನಿಟಿನ್ ಎಂಬುದನ್ನು ತಡೆಗಾಗಿ ಕೊಟ್ಟು ನೋಡಿದಾಗ ಬೇನೆ ಹೆಚ್ಚಿತೆಂದು 2013ರ ಇನ್ನೊಂದು ಪ್ರಯೋಗ ತೋರಿಸಿತು. ಬಿ6 ಜೀವಸತ್ತ್ವ ಅತಿಯಾದರೆ ತಾನೇ ನರವನ್ನು ಕೆಡಿಸುತ್ತದೆ. ಬಿ12 ಕೊರತೆ, ಸಕ್ಕರೆ ಕಾಯಿಲೆ ಮೊದಲೇ ಇದ್ದರೆ ಬೇನೆಗೆ ಬೇನೆ ಕೂಡುತ್ತದೆ. ಅವನ್ನು ಪರೀಕ್ಷಿಸಿ ಸರಿಪಡಿಸುವುದು ಬೇರೆ ಮಾತು, ಒಳ್ಳೆಯ ಮಾತು.

ವ್ಯಾಯಾಮದ ಕಡೆಯಿಂದ ಒಂದು ಆಸೆಯ ಸುದ್ದಿ ಇದೆ. ಜರ್ಮನಿಯಲ್ಲಿ 158 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಿಕಿತ್ಸೆಯ ಕಾಲದಲ್ಲೇ ದೇಹದ ಸಮತೋಲದ ಅಭ್ಯಾಸಗಳನ್ನು ಮಾಡಿದವರಲ್ಲಿ ಹತ್ತಕ್ಕೆ ಮೂರು ಮಂದಿಗೆ ನರಬೇನೆ ಬಂದರೆ, ಮಾಡದವರಲ್ಲಿ ಹತ್ತಕ್ಕೆ ಏಳು ಮಂದಿಗೆ ಬಂತು. ಗೋಡೆಯ ಪಕ್ಕದಲ್ಲಿ, ಒಬ್ಬರು ಜೊತೆಯಿರುವಾಗ, ಒಂಟಿಕಾಲಿನಲ್ಲಿ ನಿಲ್ಲುವುದು, ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುವುದು, ಇಂಥವನ್ನು ಅಂಗಸಾಧನೆಯ ಚಿಕಿತ್ಸಕರಿಂದ ಕಲಿತು ಮಾಡಬಹುದು.

ಉಳಿದದ್ದು ಮನೆಯೊಳಗಿನ ಎಚ್ಚರ. ಅರಿವಿಲ್ಲದ ಚರ್ಮಕ್ಕೆ ಕಣ್ಣೇ ಕಾವಲು. ಸ್ನಾನದ ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಇಲ್ಲವೆ ಇನ್ನೊಬ್ಬರಿಗೆ ನೋಡಲು ಹೇಳಬೇಕು. ಕಾಲಿಗೆ ಬಿಸಿನೀರಿನ ಚೀಲದ ಶಾಖ ಬೇಡ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಿಂದ ಮುಟ್ಟದೆ ಇಕ್ಕಳವನ್ನೇ ನಂಬಬೇಕು. ಈಳಿಗೆಮಣೆಯ ಕೆಲಸವನ್ನು ಮನೆಯಲ್ಲಿ ಬೇರೆ ಯಾರಾದರೂ ವಹಿಸಿಕೊಳ್ಳಲಿ. ಹೊರಗೂ ಒಳಗೂ ಬರಿಗಾಲು ಬೇಡ. ಬೆರಳಿಗೆ ಸಿಕ್ಕಿಸುವ ಹವಾಯಿ ಚಪ್ಪಲಿಗಿಂತ ಹಿಮ್ಮಡಿಗೆ ಪಟ್ಟಿಯುಳ್ಳದ್ದು ಕ್ಷೇಮ. ದೇವಸ್ಥಾನದ ಕಲ್ಲುಹಾಸಿನ ಮೇಲೆ ಮಧ್ಯಾಹ್ನದ ಪ್ರದಕ್ಷಿಣೆಯನ್ನು ಬಿಟ್ಟು, ಬೆಳಗಿನ ತಂಪಿನಲ್ಲಿ ಹೋದರೆ ದೇವರು ಬೇಸರಪಡುವುದಿಲ್ಲ. ಬಚ್ಚಲಲ್ಲಿ ನೀರು ನಿಲ್ಲದಂತೆ ಒರಸಿಡುವುದು, ಗೋಡೆಗೆ ಒಂದು ಹಿಡಿಕೆ ಹಾಕಿಸುವುದು, ರಾತ್ರಿ ಒಂದು ಸಣ್ಣ ದೀಪ ಉರಿಯಬಿಡುವುದು. ಕಾಲಿಗೆ ನೆಲ ತಿಳಿಯದವರು ಕತ್ತಲೆಯಲ್ಲಿ ಬೀಳುವುದು ಸುಲಭ. ಮಲಗುವ ಮೊದಲು ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು; ಮುಳ್ಳು ನೆಟ್ಟಿದ್ದರೆ ಕಣ್ಣಿಗಲ್ಲದೆ ಇನ್ನಾವುದಕ್ಕೂ ಗೊತ್ತಾಗದು.

ಎಷ್ಟು ದಿನದ ಬೇನೆ ಇದು? 31 ಅಧ್ಯಯನಗಳ 4,179 ರೋಗಿಗಳ ವಿವರವನ್ನು ಕೂಡಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಿಮೊಥೆರಪಿ ಮುಗಿದ ಮೊದಲ ತಿಂಗಳಲ್ಲಿ ನೂರಕ್ಕೆ 68 ಮಂದಿಗೆ, ಮೂರು ತಿಂಗಳಿಗೆ 60 ಮಂದಿಗೆ, ಆರು ತಿಂಗಳು ಕಳೆದ ಮೇಲೆ 30 ಮಂದಿಗೆ ಈ ಬೇನೆ ಇತ್ತು. ಅಂದರೆ ಅನೇಕರಿಗೆ ಇಳಿಯುತ್ತದೆ, ಕೆಲವರಿಗೆ ಉಳಿಯುತ್ತದೆ. ಪ್ಲಾಟಿನಂ ಮದ್ದುಗಳಲ್ಲಿ ಇನ್ನೊಂದು ವಿಚಿತ್ರ ಉಂಟು: ಔಷಧ ನಿಂತ ಮೇಲೂ ಕೆಲವು ತಿಂಗಳು ಬೇನೆ ಏರುತ್ತ ಹೋಗಬಹುದು. ಇದನ್ನು ಮೊದಲೇ ತಿಳಿದಿದ್ದರೆ, ರೋಗವೇ ಮರಳಿತೆಂದು ಎದೆಗುಂದಬೇಕಾಗಿಲ್ಲ. ನನ್ನ ಕೈಬೆರಳುಗಳು ಬಹುಮಟ್ಟಿಗೆ ಹಿಂದಿರುಗಿವೆ. ಕಾಲಿನ ತುದಿ ಇನ್ನೂ ಬಂದಿಲ್ಲ, ಬರದೆಯೂ ಇದ್ದೀತು. ಪಟ್ಟಿಯುಳ್ಳ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋಗುತ್ತೇನೆ, ಕುಳಿತು ಪಾಠ ಹೇಳುತ್ತೇನೆ, ಕಪ್ಪುಹಲಗೆಯ ಮೇಲೆ ಮಕ್ಕಳಿಂದ ಬರೆಸುತ್ತೇನೆ. ಅವರ ಅಕ್ಷರ ಇದರಿಂದ ತಿದ್ದಿದೆ ಎಂಬುದು ಬೇರೆ ಲಾಭ.

ಕೊನೆಯದಾಗಿ ಮನೆಯವರಿಗೆ ಒಂದು ವಿಜ್ಞಾಪನೆ. ಕಾಣದ ಬೇನೆಯವರಿಗೆ ನೋವಿಗಿಂತ ಭಾರವಾದದ್ದು, ತಮ್ಮ ಮಾತನ್ನು ಯಾರೂ ನಂಬುತ್ತಿಲ್ಲವೆಂಬ ಅನುಮಾನ. ‘ಆಪರೇಷನ್ನೇ ಗೆದ್ದವರಿಗೆ ಗುಂಡಿ ಹಾಕಿಕೊಳ್ಳುವುದು ದೊಡ್ಡದೆ?’ ಎಂದು ನಕ್ಕುಬಿಟ್ಟರೆ, ಅವರು ಮುಂದೆ ನಿಮಗೂ ಹೇಳರು, ವೈದ್ಯರಿಗೂ ಹೇಳರು. ಎಲ್ಲ ಕೆಲಸವನ್ನೂ ಕಸಿದುಕೊಂಡು ಮೂಲೆಯಲ್ಲಿ ಕೂರಿಸುವುದೂ ಸಲ್ಲದು. ಚೂರಿಯ ಕೆಲಸ ತಪ್ಪಿಸಿ ಸೊಪ್ಪು ಬಿಡಿಸುವ ಕೆಲಸ ಕೊಡಿ. ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿ ಅವರನ್ನು ದಿನವೂ ನೋಡುವವರೇ ಜೊತೆಗೆ ಹೋಗಲಿ. ನಿಮ್ಮ ಮನೆಯಲ್ಲಿ ಇಂಥ ಚಿಕಿತ್ಸೆ ಪಡೆಯುತ್ತಿರುವ ಅಮ್ಮನೋ ಅಣ್ಣನೋ ಇದ್ದರೆ, ರೇಡಿಯೋ ನಿಲ್ಲಿಸಿದ ಮೇಲೆ ‘ಹೇಗಿದ್ದೀರಿ?’ ಎಂದು ಕೇಳಬೇಡಿ. ಅದಕ್ಕೆ ಉತ್ತರ ಯಾವುದೆಂದು ನಮಗೆಲ್ಲ ಗೊತ್ತು. ‘ಬೆಳಿಗ್ಗೆ ಗುಂಡಿ ಹಾಕಿಕೊಳ್ಳಲು ಆಯಿತೆ? ಕಾಲಿಗೆ ನೆಲ ತಿಳಿಯುತ್ತದೆಯೆ?’ ಎಂದು ಕೇಳಿ. ಕೇಳಿ, ಉತ್ತರ ಬರುವವರೆಗೆ ಕಾದು ಕುಳಿತಿರಿ.